ಆಪರೇಷನ್‌ಗೆ ಮುಂಚಿನ ವರ್ಷಗಳು

ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯ್ತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಮತ್ತು ಸಂಘದ ಹೆಣ್ಣುಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಉಪಕೇಂದ್ರಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಜನಸಂಖ್ಯೆ ಜಾಸ್ತಿ ಆಯ್ತು, ಮಕ್ಕಳನ್ನು ಕಡಿಮೆ ಮಾಡಿ ಅಂತ ಹೇಳಲು ನಾನು ಬಂದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಆ ಕೆಲಸ ಯಾವತ್ತೋ ಮುಗಿದಿದೆ. ಇಲ್ಲಿ ಕೂತಿರುವ ಅಜ್ಜಿಯರಿಗೆ ಆರೋ ಎಂಟೋ ಮಕ್ಕಳು. ಅವರ ಸೊಸೆಯರಿಗೆ ಮೂರೋ ನಾಲ್ಕೋ. ಮೊಮ್ಮಕ್ಕಳಿಗೆ ಎರಡು, ಕೆಲವರಿಗೆ ಒಂದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಈಗಿರುವಷ್ಟೇ ಉಳಿಯಬೇಕು ಅಂದರೂ 2.1 ಬೇಕು. ನಾವು ಅದಕ್ಕಿಂತ ಕೆಳಗೆ ಇಳಿದಿದ್ದೇವೆ.

ಹಾಗಾದರೆ ಇನ್ನೇನು ಮಾತು ಉಳಿದಿದೆ ಅಂತ ಕೇಳಬಹುದು. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಎಷ್ಟು? ಪುಸ್ತಕದಲ್ಲಿ 0.0 ಅಂತ ಅಚ್ಚಾಗಿದೆ. ಒಬ್ಬರೂ ಇಲ್ಲ ಅಂತಲ್ಲ, ಲೆಕ್ಕಕ್ಕೆ ಸಿಗುವಷ್ಟಿಲ್ಲ. ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ), ಮಾತ್ರೆ, ನಿರೋಧ್, ಇಂಜೆಕ್ಷನ್ ಎಲ್ಲ ಸೇರಿಸಿದರೂ ನೂರಕ್ಕೆ ಸುಮಾರು 11.

ಅಂದರೆ ನಮ್ಮಲ್ಲಿ ಕುಟುಂಬ ಯೋಜನೆ ಅಂದರೆ ಆಪರೇಷನ್. ಆಪರೇಷನ್ ಅಂದರೆ ಹೆಂಗಸರದ್ದು. ಹುಡುಗಿಗೆ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಮದುವೆ. ವರ್ಷ ತುಂಬುವುದರೊಳಗೆ ಒಂದು ಮಗು. ಅದು ನಡೆಯೋಕೆ ಶುರು ಮಾಡುವಷ್ಟರಲ್ಲಿ ಇನ್ನೊಂದು. ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ಆಪರೇಷನ್. ಆಮೇಲೆ ಆರೋಗ್ಯ ಇಲಾಖೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಟಿಕ್ ಬಿತ್ತು, ಮುಗೀತು. ಮದುವೆಯ ದಿನದಿಂದ ಆ ಟಿಕ್ ಬೀಳುವವರೆಗಿನ ನಾಲ್ಕೈದು ವರ್ಷ ಇದೆಯಲ್ಲ, ಆ ವರ್ಷಗಳಲ್ಲಿ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳ ಮೈ ಸೊರಗುವುದು, ರಕ್ತ ಕಡಿಮೆಯಾಗುವುದು, ಓದು ಕೆಲಸ ಬಿಟ್ಟುಹೋಗುವುದು ಎಲ್ಲ ಆ ನಾಲ್ಕೈದು ವರ್ಷದಲ್ಲೇ. ನಾನು ಇವತ್ತು ಮಾತಾಡಬೇಕು ಅಂತ ಬಂದದ್ದು ಆ ವರ್ಷಗಳ ಬಗ್ಗೆ.

ಹೀಗೆ ಯಾಕಾಯ್ತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನದೇ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಲು ಆದೇಶ ಮಾಡಿತು. ಪ್ರಪಂಚದಲ್ಲಿ ಬೇರೆ ಯಾವ ಸರ್ಕಾರವೂ ಅಷ್ಟು ಹೊತ್ತಿಗೆ ಆ ಧೈರ್ಯ ಮಾಡಿರಲಿಲ್ಲ. ಆಗ ಕೋಲಾರ, ತುಮಕೂರು ಎರಡೂ ಆ ಸಂಸ್ಥಾನದಲ್ಲೇ ಇದ್ದವು. ಚಿಕ್ಕಬಳ್ಳಾಪುರ ಕೋಲಾರದೊಳಗೇ ಇತ್ತು, ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಕ್ಲಿನಿಕ್ ಬಂದದ್ದು ಮಾತ್ರ ಬೆಂಗಳೂರು, ಮೈಸೂರಿನಂಥ ಪಟ್ಟಣಗಳಿಗೆ. 1952ರಲ್ಲಿ ಇಡೀ ದೇಶಕ್ಕೆ ಕುಟುಂಬ ಯೋಜನೆ ಕಾರ್ಯಕ್ರಮ ಬಂತು. ಗೋಡೆ ಗೋಡೆಗೂ ಕೆಂಪು ತ್ರಿಕೋನ, "ಆರತಿಗೊಬ್ಬಳು, ಕೀರ್ತಿಗೊಬ್ಬ" ಅನ್ನುವ ಬರಹ. ಆಮೇಲೆ ಬಂದದ್ದು ಟಾರ್ಗೆಟ್. 1976ರ ತುರ್ತು ಪರಿಸ್ಥಿತಿಯಲ್ಲಿ ಮೇಷ್ಟ್ರುಗಳಿಗೂ ರೆವಿನ್ಯೂದವರಿಗೂ ಇಷ್ಟಿಷ್ಟು ಕೇಸ್ ತನ್ನಿ ಅಂತ ಹೇಳಿದ ಕಾಲ ಅದು. ದೇಶದಲ್ಲಿ ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು, ಅದರಲ್ಲಿ ಮುಕ್ಕಾಲು ಪಾಲು ಗಂಡಸರದ್ದು. ಗಂಡಸರು ಅವತ್ತು ಹೆದರಿದವರು ಇವತ್ತಿಗೂ ಹತ್ತಿರ ಬಂದಿಲ್ಲ. ಹೊರೆ ಪೂರ್ತಿ ಹೆಂಗಸರ ಮೇಲೆ ಬಿತ್ತು. 1996ರಲ್ಲಿ ಕಾಗದದ ಮೇಲೆ ಟಾರ್ಗೆಟ್ ತೆಗೆದರು. ಆಪರೇಷನ್ ಒಂದೇ ದಾರಿ ಅನ್ನುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಈಗ ನಮ್ಮ ಮನೆಗಳ ಒಳಗೆ ಬರೋಣ.

ಮೊದಲ ಹೆರಿಗೆ ತವರಿನಲ್ಲಿ ಅಲ್ವಾ? ಏಳನೇ ತಿಂಗಳಿಗೋ ಒಂಬತ್ತನೇ ತಿಂಗಳಿಗೋ ಸೀಮಂತ ಮಾಡಿ, ಮಡಿಲು ತುಂಬಿ ಕರೆದುಕೊಂಡು ಹೋಗುತ್ತಾರೆ. ಹೆರಿಗೆ, ಬಾಣಂತನ ಎಲ್ಲ ಅಮ್ಮನ ಮನೆಯಲ್ಲಿ. ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಗೆ ವಾಪಸ್. ಒಳ್ಳೆಯ ಪದ್ಧತಿ. ಆ ಹುಡುಗಿಗೆ ಮಲಗೋಕೆ, ಹೊಟ್ಟೆ ತುಂಬ ಉಣ್ಣೋಕೆ ಸಿಗುವ ಕೆಲವೇ ತಿಂಗಳು ಅವು. ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ನಮ್ಮ ಪುಸ್ತಕಗಳಲ್ಲಿ ಏನಾಗುತ್ತದೆ ನೋಡಿ. ಅವಳ ಹೆಸರು ಗಂಡನ ಊರಿನ ಅರ್ಹ ದಂಪತಿಗಳ ಪುಸ್ತಕದಲ್ಲಿದೆ. ಆ ಊರಿನ ಆಶಾ "ತವರಿಗೆ ಹೋಗಿದ್ದಾರೆ" ಅಂತ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ತವರಿನ ಆಶಾ 42 ದಿನದವರೆಗೆ ಮನೆಗೆ ಬಂದು ಮಗುವಿನ ತೂಕ ನೋಡುತ್ತಾರೆ, ಹೊಕ್ಕುಳು ನೋಡುತ್ತಾರೆ, ಲಸಿಕೆಯ ತಾರೀಖು ಹೇಳುತ್ತಾರೆ. ಮುಂದಿನ ಮಗುವಿನ ಮಾತು ಗಂಡನ ಊರಿನವರು ನೋಡಿಕೊಳ್ತಾರೆ ಅಂತ ಬಿಡುತ್ತಾರೆ. ಇಬ್ಬರೂ ಕೆಲಸ ಮಾಡಿದ್ದಾರೆ. ಆದರೂ ಆ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಗಂಡ ಭಾನುವಾರ ಬೈಕಿನಲ್ಲಿ ಮಗು ನೋಡಲು ಬರುತ್ತಾನೆ. ರಾತ್ರಿ ಉಳಿದು ಹೋಗುತ್ತಾನೆ. ಇದನ್ನು ಸಭೆಯಲ್ಲಿ ಹೇಳಿದರೆ ಹೆಣ್ಣುಮಕ್ಕಳು ತಲೆ ತಗ್ಗಿಸಿ ನಗುತ್ತೀರಿ. ಆದರೆ ಇದನ್ನು ಹೇಳದೆ ಕುಟುಂಬ ಯೋಜನೆಯ ಬಗ್ಗೆ ಏನು ಮಾತಾಡಿದರೂ ಸುಮ್ನೆ.

ಒಂದು ಲಸಿಕೆಯ ದಿನ. ಒಂಬತ್ತು ತಿಂಗಳಿಗೆ ಹಾಕುವ ದಡಾರದ ಇಂಜೆಕ್ಷನ್‌ಗೆ ಒಬ್ಬಳು ಮಗು ಕರೆದುಕೊಂಡು ಅಂಗನವಾಡಿಗೆ ಬಂದಿದ್ದಳು. ಜೊತೆಗೆ ಅತ್ತೆ. ಮಗುವಿಗೆ ಇಂಜೆಕ್ಷನ್ ಆಯ್ತು. ಹೊರಡುವಾಗ ಅವಳು ಹಿಂದೆ ಉಳಿದು, "ಸಿಸ್ಟರ್, ಬೆಳಗ್ಗೆ ಎದ್ರೆ ಹೊಟ್ಟೆ ತೊಳಸುತ್ತೆ, ಗ್ಯಾಸ್ ಮಾತ್ರೆ ಇದ್ರೆ ಕೊಡಿ" ಅಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ರಕ್ತ ಇಲ್ಲ, ಕಣ್ಣಿನ ಕೆಳಗೆ ಬಿಳಿಚಿಕೊಂಡಿತ್ತು. ಕಿಟ್ ಕೊಟ್ಟು ಪರೀಕ್ಷೆ ಮಾಡಿದೆ. ಎರಡು ಗೆರೆ ಬಂತು. ಅವಳಿಗೆ ನಂಬಿಕೆಯೇ ಬರಲಿಲ್ಲ. "ಇನ್ನೂ ಮುಟ್ಟೇ ಆಗಿಲ್ಲವಲ್ಲ ಸಿಸ್ಟರ್, ಅದು ಹೆಂಗೆ?" ಅತ್ತೆ ಮಗುವನ್ನು ಭುಜಕ್ಕೆ ಹಾಕಿಕೊಂಡು, "ಹಾಲು ಕುಡಿಸೋರಿಗೆ ನಿಲ್ಲಲ್ಲ ಅಂತಾರಲ್ಲಮ್ಮ" ಅಂದರು. ಇಬ್ಬರೂ ನಿಜವಾಗಲೂ ಹಾಗೇ ನಂಬಿದ್ದರು.

ಆ ನಂಬಿಕೆಯಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅಪಾಯ ಜಾಸ್ತಿ. ಹಾಲು ಕುಡಿಸುವುದು ಗರ್ಭ ನಿಲ್ಲದಂತೆ ತಡೆಯುತ್ತದೆ, ಆದರೆ ಮೂರು ಷರತ್ತಿನ ಮೇಲೆ. ಮಗುವಿಗೆ ಆರು ತಿಂಗಳು ಆಗಿರಬಾರದು. ಹಗಲೂ ರಾತ್ರಿ ಎದೆಹಾಲು ಬಿಟ್ಟು ಇನ್ನೇನನ್ನೂ ಕೊಟ್ಟಿರಬಾರದು, ನೀರನ್ನೂ ಸಹ. ಮುಟ್ಟು ಮತ್ತೆ ಶುರುವಾಗಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಗ್ಯಾರಂಟಿ ಇಲ್ಲ. ನಮ್ಮಲ್ಲಿ ನಾಲ್ಕನೇ ತಿಂಗಳಿಗೇ ರಾಗಿ ಸರಿ ಶುರು ಮಾಡುವ ಮನೆಗಳು ಇನ್ನೂ ಇವೆ. ಇನ್ನೊಂದು ವಿಷಯ, ಅಂಡ ಬಿಡುಗಡೆ ಆಗುವುದು ಮುಟ್ಟಿಗಿಂತ ಎರಡು ವಾರ ಮೊದಲು. ಹಾಗಾಗಿ ಹೆರಿಗೆಯಾದ ಮೇಲೆ ಒಂದೇ ಒಂದು ಸಲ ಮುಟ್ಟಾಗದೆಯೂ ಗರ್ಭ ನಿಲ್ಲಬಹುದು. ಒಂದು ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಬಿಟ್ಟು ಮುಂದಿನ ಗರ್ಭದ ಯೋಚನೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹುಡುಗಿಗೆ ಸಿಕ್ಕಿದ್ದು ಒಂದು ವರ್ಷವೂ ಅಲ್ಲ.

ಇದಕ್ಕೆ ಪರಿಹಾರ ದೊಡ್ಡ ಆಸ್ಪತ್ರೆ ಕಟ್ಟುವುದಲ್ಲ. ತವರಿಗೆ ಹೊರಡುವ ಮುಂಚೆ, ಏಳನೇ ತಿಂಗಳ ತಪಾಸಣೆಯಲ್ಲೇ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಬೇಕು. ಅವರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಆ ಕಾರ್ಡು ಅವಳ ಜೊತೆ ಪಾವಗಡಕ್ಕೆ ಹೋದರೂ, ಬಾಗೇಪಲ್ಲಿಗೆ ಹೋದರೂ, ಬಂಗಾರಪೇಟೆಗೆ ಹೋದರೂ ಅಲ್ಲಿನವರಿಗೆ ಗೊತ್ತಾಗುತ್ತದೆ. ವಂಕಿ ಬೇಕು ಅಂದವಳಿಗೆ ಹೆರಿಗೆಯಾದ 48 ಗಂಟೆಯೊಳಗೆ ಅದೇ ಆಸ್ಪತ್ರೆಯಲ್ಲಿ ಹಾಕಬಹುದು. ಆ ಸಮಯ ತಪ್ಪಿದರೆ ಮತ್ತೆ ಆರು ವಾರ ಕಾಯಬೇಕು. ಮಾತ್ರೆ ಸಾಕು ಅಂದವಳಿಗೆ ಛಾಯಾ ಅನ್ನುವ ಮಾತ್ರೆ ಇದೆ. ಹಾಲುಣಿಸುವವರೂ ತಗೋಬಹುದು, ಅದರಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾರ್ಮೋನ್ ಇರುವ ಮಾಲಾ-ಎನ್ ಮಾತ್ರೆ ಮಾತ್ರ ಹಾಲುಣಿಸುವವರಿಗೆ ಮೊದಲ ಆರು ತಿಂಗಳು ಬೇಡ. ಇದಿಷ್ಟೂ ಉಚಿತ. ಇದರ ಜೊತೆಗೆ ಗಂಡನ ಊರಿನ ಆಶಾ ತವರಿನ ಆಶಾಗೆ ಒಂದು ಫೋನ್ ಮಾಡಿದರೆ ಸಾಕು. "ನಮ್ಮ ಹುಡುಗಿ ನಿಮ್ಮೂರಿಗೆ ಬಂದಿದ್ದಾಳೆ ಅಕ್ಕ, ಹೀಗೆ ಮಾತಾಗಿದೆ" ಅಂತ. ಈ ಫೋನ್ ಮಾಡುವ ಆಶಾಗಳನ್ನು ನಾನು ನೋಡಿದ್ದೇನೆ. ಅದು ಅವರ ಒಳ್ಳೆಯತನದ ಮೇಲೆ ನಿಂತಿದೆ. ತಾಲ್ಲೂಕು ಮಟ್ಟದಲ್ಲಿ ಅದೊಂದು ನಿಯಮವಾಗಬೇಕು.

ಗರ್ಭ ನಿಲ್ಲದಂತೆ ಹಾಕುವ ‘ಅಂತರ’ ಅನ್ನುವ ಇಂಜೆಕ್ಷನ್ ಬಗ್ಗೆ ಹೇಳುತ್ತೇನೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬಂತು. ಮೂರು ತಿಂಗಳಿಗೆ ಒಂದು. ಹೆರಿಗೆಯಾಗಿ ಆರು ವಾರವಾದ ಮೇಲೆ ತಗೋಬಹುದು. ಮನೆಯಲ್ಲಿ ಮಾತ್ರೆ ಬಚ್ಚಿಡಬೇಕಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಅದಕ್ಕಾಗಿಯೇ ಇಷ್ಟಪಡುತ್ತಾರೆ. ಹಾಗಿದ್ದರೂ ಒಂದೋ ಎರಡೋ ತಗೊಂಡು ಬಿಟ್ಟುಬಿಡುವವರು ಬಹಳ. ಯಾಕೆ?

ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಗಳನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಸೊಪ್ಪು ಹಾಕಿದಷ್ಟೂ ಮುಗಿಸುತ್ತವೆ. ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಸೊಸೆ ಹೊರಗೆ ಕಾಲಿಡುವ ಹಾಗಿಲ್ಲ. ಆ ವಾರದಲ್ಲೇ ಅವಳ ಇಂಜೆಕ್ಷನ್ ತಾರೀಖು ಬಂದರೆ? ಹೋಗುವುದಿಲ್ಲ. ಗೂಡು ಮಾರಿ ಕೈ ತೊಳೆದು ಕ್ಯಾಲೆಂಡರ್ ನೋಡುವಷ್ಟರಲ್ಲಿ ಹತ್ತು ದಿನ ಆಗಿದೆ. ತಾರೀಖು ಮೀರಿತು, ಇನ್ನು ಹಾಕಲ್ಲ ಅಂದುಕೊಂಡು ಅಲ್ಲಿಗೇ ಬಿಡುತ್ತಾಳೆ. ಆದರೆ ನಿಯಮದಲ್ಲಿ ಜಾಗ ಇದೆ. ತಾರೀಖಿಗೆ ಎರಡು ವಾರ ಮೊದಲೂ ಹಾಕಿಸಿಕೊಳ್ಳಬಹುದು, ನಾಲ್ಕು ವಾರ ತಡವಾದರೂ ಹಾಕಿಸಿಕೊಳ್ಳಬಹುದು. ಒಟ್ಟು ಆರು ವಾರದ ಅವಕಾಶ. ಕಾರ್ಡಿನಲ್ಲಿ ಒಂದೇ ಒಂದು ತಾರೀಖು ಬರೆದು ಕೊಡುವ ಬದಲು "ಇಂಥ ದಿನದಿಂದ ಇಂಥ ದಿನದೊಳಗೆ" ಅಂತ ಬರೆದುಕೊಟ್ಟರೆ ಅವಳು ತನ್ನ ಹುಳದ ಲೆಕ್ಕ ನೋಡಿಕೊಂಡು ಬರುತ್ತಾಳೆ. ಇಲ್ಲಿರುವ ಸಿಸ್ಟರ್‌ಗಳಿಗೆ ಕೈಮುಗಿದು ಕೇಳುತ್ತೇನೆ, ನಾಳೆಯಿಂದಲೇ ಹಾಗೆ ಬರೆಯಿರಿ.

ಬಿಡುವುದಕ್ಕೆ ಎರಡನೇ ಕಾರಣ ಮುಟ್ಟು. ಅಂತರ ತಗೊಂಡರೆ ಮುಟ್ಟು ಏರುಪೇರಾಗುತ್ತದೆ. ಮೊದಲು ಆಗಾಗ ಸ್ವಲ್ಪ ಸ್ವಲ್ಪ ಕಾಣಿಸಿಕೊಳ್ಳುತ್ತದೆ, ಆಮೇಲೆ ಕೆಲವರಿಗೆ ನಿಂತೇ ಹೋಗುತ್ತದೆ. "ಕೆಟ್ಟ ರಕ್ತ ಒಳಗೇ ಉಳಿದುಬಿಟ್ಟರೆ ಗಡ್ಡೆ ಆಗುತ್ತೆ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಒಳಗೆ ಏನೂ ಉಳಿಯುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ, ಹಾಗಾಗಿ ಉದುರಿ ಹೊರಗೆ ಬರಲು ಏನೂ ಇರುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೊನೆಯ ಡೋಸ್‌ನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಈ ಎರಡು ಮಾತನ್ನು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಹೇಳಬೇಕು. ಮೊದಲೇ ತಿಳಿದವಳು ಹೆದರುವುದಿಲ್ಲ. ಆಮೇಲೆ ಹೇಳಿದರೆ ಅದು ಸಮಜಾಯಿಷಿ ಕೊಟ್ಟ ಹಾಗಿರುತ್ತದೆ.

ವಂಕಿಯ ಕಥೆಯೂ ಇದೇ. ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಡ ಅನಿಸಿದ ದಿನ ತೆಗೆಸಿದರೆ ತಕ್ಷಣ ಗರ್ಭ ನಿಲ್ಲಬಹುದು. ಅದು ಎದೆಗೆ ಏರುತ್ತೆ, ಗಂಡನಿಗೆ ಚುಚ್ಚುತ್ತೆ ಅನ್ನುವ ಮಾತುಗಳಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ನಿಜವಾದ ತೊಂದರೆ ಬೇರೆ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆ ಹಿಡಿಯುತ್ತದೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಮೊದಲೇ ರಕ್ತ ಇಲ್ಲದವಳಿಗೆ ವಂಕಿ ಹಾಕಿ, ಕಬ್ಬಿಣದ ಮಾತ್ರೆ ಕೊಡದೆ, ತಿಂಗಳಾದ ಮೇಲೆ ಹೇಗಿದ್ದೀಯಮ್ಮ ಅಂತ ಕೇಳದೆ ಬಿಟ್ಟರೆ ಅವಳು ತೆಗೆಸಿಕೊಳ್ಳದೆ ಏನು ಮಾಡುತ್ತಾಳೆ? ತೆಗೆಸಿಕೊಂಡವಳು ಸುಮ್ಮನಿರುವುದಿಲ್ಲ. ನಲ್ಲಿ ಹತ್ತಿರ, ಡೈರಿ ಹತ್ತಿರ ಹತ್ತು ಜನಕ್ಕೆ ಹೇಳುತ್ತಾಳೆ. ಹೇಳಲೇಬೇಕು, ಅವಳು ಅನುಭವಿಸಿದ್ದಾಳೆ. ಆ ಊರಿನಲ್ಲಿ ಮುಂದಿನ ಎರಡು ಮೂರು ವರ್ಷ ವಂಕಿಯ ಹೆಸರೆತ್ತುವ ಹಾಗಿಲ್ಲ. ಹಾಕುವುದು ಹತ್ತು ನಿಮಿಷದ ಕೆಲಸ. ಆಮೇಲಿನ ಆರು ತಿಂಗಳ ವಿಚಾರಣೆಯೇ ನಿಜವಾದ ಸೇವೆ. ನಮ್ಮ ರಿಪೋರ್ಟುಗಳಲ್ಲಿ ಎಷ್ಟು ಹಾಕಿದಿರಿ ಅನ್ನುವ ಕಾಲಂಗೆ ಇರುವ ಬೆಲೆ, ಹಾಕಿಸಿಕೊಂಡವರು ಹೇಗಿದ್ದಾರೆ ಅನ್ನುವುದಕ್ಕೂ ಬರಬೇಕು.

ಇನ್ನು ಹೊತ್ತಿನ ವಿಷಯ. ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಕತ್ತಲಲ್ಲೇ ಎದ್ದು ಅಡಿಗೆ ಮಾಡಿ ವ್ಯಾನ್ ಹತ್ತುತ್ತಾರೆ. ವಾಪಸ್ ಬರುವಾಗ ದೀಪ ಹಚ್ಚಿರುತ್ತದೆ. ಉಪಕೇಂದ್ರ ತೆರೆಯುವಾಗ ಅವರು ಊರಲ್ಲಿಲ್ಲ, ಅವರು ಊರಿಗೆ ಬರುವಾಗ ಉಪಕೇಂದ್ರ ಮುಚ್ಚಿದೆ. ಭಾನುವಾರ ಇಬ್ಬರಿಗೂ ರಜೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಆಯ್ತು. ಟಿಕೆಟ್ ದುಡ್ಡಿಗಾಗಿ ಗಂಡನ ಮುಂದೆ, ಅತ್ತೆ ಮುಂದೆ ಕೈಚಾಚುವುದು ತಪ್ಪಿತು, ಅದು ಸಣ್ಣ ವಿಷಯವಲ್ಲ. ಆದರೆ ದಿನಕ್ಕೆ ಎರಡೇ ಬಸ್ಸು ಬರುವ ಊರಿಗೆ, ಒಂದು ದಿನದ ಕೂಲಿ ಕಳೆದುಕೊಳ್ಳುವವಳಿಗೆ ಅಷ್ಟರಿಂದಲೇ ಪೂರ್ತಿ ಆಗುವುದಿಲ್ಲ. ತಿಂಗಳಿಗೆ ಒಂದು ಭಾನುವಾರ, ಅಥವಾ ಎರಡು ದಿನ ಸಂಜೆ ಏಳರವರೆಗೆ ಉಪಕೇಂದ್ರ ತೆರೆದಿಟ್ಟು ಇನ್ನೊಂದು ದಿನ ಸಿಸ್ಟರ್‌ಗೆ ರಜೆ ಕೊಡಬಹುದು. ಇಲಾಖೆಗೆ ಇದನ್ನು ಕೇಳಬೇಕಾದವರು ಪಂಚಾಯ್ತಿಯವರು. ನೀವು ಕೇಳಿದರೆ ತೂಕ ಇರುತ್ತದೆ.

ಪಾವಗಡ, ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಗಂಡ ಹೆಂಡಿರಿಗೆ ಊರು ಬಿಡುವ ಮುಂಚೆ ಮೂರು ತಿಂಗಳಿಗಾಗುವಷ್ಟು ಮಾತ್ರೆ, ನಿರೋಧ್ ಒಟ್ಟಿಗೆ ಕೊಟ್ಟು ಕಳಿಸಿ. ಆ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕರಪತ್ರ ಕನ್ನಡದ್ದಿರಲಿ, ಮಾತು ಅವರ ಮನೆಯ ಭಾಷೆಯಲ್ಲೇ ಆಡಿ. ಆಶಾಗಳು ಹಾಗೇ ಮಾಡುತ್ತಾರೆ, ಹೊರಗಿನಿಂದ ಬರುವ ಡಾಕ್ಟರುಗಳೂ ನಾಲ್ಕು ಮಾತು ಕಲಿಯಲಿ.

ಗುಟ್ಟಿನ ವಿಷಯವನ್ನು ಆಶಾಗಳ ಮುಂದೆಯೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ನೀವು ಆ ಊರಿನ ಸೊಸೆಯರು. ಅದೇ ನಿಮ್ಮ ಶಕ್ತಿ, ಯಾವ ಮನೆಯ ಬಾಗಿಲೂ ನಿಮಗೆ ತೆರೆಯುತ್ತದೆ. ಆದರೆ ಹೊಸದಾಗಿ ಬಂದ ಸೊಸೆಯ ಅತ್ತೆ ನಿಮಗೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಿರುತ್ತಾರೆ. ಆ ಹುಡುಗಿ ನಿಮ್ಮನ್ನು ಮಾತ್ರೆ ಕೇಳಲು ಹತ್ತು ಸಲ ಯೋಚನೆ ಮಾಡುತ್ತಾಳೆ. ಮದುವೆಯಾಗಿ ಆರು ತಿಂಗಳಿಗೆ "ಏನೂ ವಿಶೇಷ ಇಲ್ವಾ?" ಅಂತ ಊರೆಲ್ಲ ಕೇಳುವಾಗ, ನಮಗೆ ಈಗಲೇ ಬೇಡ ಅಂತ ಹೇಳುವ ಧೈರ್ಯ ಯಾವ ಹುಡುಗಿಗಿದೆ? ಅವಳಿಗೆ ಎರಡನೇ ಬಾಗಿಲು ಬೇಕು. ಉಪಕೇಂದ್ರದ ಸಿಸ್ಟರ್ ಇರಬಹುದು, ಪಕ್ಕದ ಊರಿನ ಆಶಾ ಇರಬಹುದು. ಅವಳು ಎಲ್ಲಿ ಕೇಳಿದರೂ "ನಮ್ಮ ಏರಿಯಾದವಳಲ್ಲ" ಅನ್ನದೆ ಕೊಡಬೇಕು.

ಹದಿನೆಂಟು ತುಂಬದೆ ಮದುವೆ ಮಾಡುವುದು ಇನ್ನೂ ನಿಂತಿಲ್ಲ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿದೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಅದು ಅಪರಾಧ, ತಡೆಯಲೇಬೇಕು. ಆದರೆ ತಡೆಯಲಾಗದೆ ಮದುವೆ ಆಗಿಹೋದ ಆ ಹುಡುಗಿ ನಮ್ಮ ಮುಂದೆ ಬಂದಾಗ ಬೈದು ಕಳಿಸಬಾರದು. ಇನ್ನೂ ಬೆಳೆಯುತ್ತಿರುವ ಮೈಗೆ ಹೆರಿಗೆ ಎಷ್ಟು ಕಷ್ಟ ಅಂತ ಇಲ್ಲಿ ಕೂತಿರುವ ಅಜ್ಜಿಯರನ್ನು ಕೇಳಿ.

ಗಂಡಸರು ಹಿಂದೆ ನಿಂತಿದ್ದೀರಿ, ಮುಂದೆ ಬನ್ನಿ. ನಿಮಗೂ ಹೇಳುವುದಿದೆ.

ಒಮ್ಮೆ ಒಬ್ಬರ ಮನೆಯಲ್ಲಿ ಕೂತು ಮಾತಾಡುತ್ತಿದ್ದೆ. ಹೆಂಡತಿಗೆ ಎರಡೂ ಸಿಜೇರಿಯನ್, ಬಿಪಿ ಬೇರೆ. ಆಪರೇಷನ್‌ಗೆ ಅವಳೇ ಹೋಗಬೇಕು ಅಂತ ಮನೆಯವರೆಲ್ಲ ನಿರ್ಧಾರ ಮಾಡಿಯಾಗಿತ್ತು. ನೀವೇ ಮಾಡಿಸಿಕೊಳ್ಳಬಹುದಲ್ಲ ಅಂದೆ. ಆ ಮನುಷ್ಯ ಒರಟಾಗಿ ಮಾತಾಡಲಿಲ್ಲ, ನಿಜವಾದ ಭಯದಿಂದ ಕೇಳಿದರು. "ಮೇಡಂ, ನಾನು ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತೋನು. ಶಕ್ತಿ ಹೋಗ್ಬಿಟ್ರೆ ಮನೆ ನಡೆಯೋದು ಹೆಂಗೆ?" ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ವೀರ್ಯಾಣು ಬರುವ ಎರಡು ಸಣ್ಣ ನಾಳಗಳನ್ನು ಮಾತ್ರ ಕಟ್ಟುತ್ತಾರೆ. ಗಂಡಸುತನ ಕೊಡುವ ಹಾರ್ಮೋನ್ ನಾಳದಲ್ಲಿ ಹೋಗುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಅದಕ್ಕೆ ಏನೂ ಆಗುವುದಿಲ್ಲ. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳಿಂದ ಬರುತ್ತದೆ, ಹಾಗಾಗಿ ಕಣ್ಣಿಗೆ ಕಾಣುವ ವ್ಯತ್ಯಾಸವೂ ಇರುವುದಿಲ್ಲ. ಎನ್‌ಎಸ್‌ವಿ ಅನ್ನುವ ಈ ಗಂಡಸರ ಆಪರೇಷನ್‌ನಲ್ಲಿ ಬ್ಲೇಡಿನಿಂದ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಡುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು, ಆಮೇಲೆ ಎಷ್ಟು ಕ್ರೇಟ್ ಬೇಕಾದರೂ ಎತ್ತಿ. ಅವರು ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಯೋಚನೆ ಮಾಡಲು ಅವರಿಗೆ ಸಮಯ ಬೇಕಿತ್ತು. ಆ ಸಮಯ ಕೊಡಬೇಕು.

ಒಂದು ಎಚ್ಚರಿಕೆ ಇದೆ, ಇದನ್ನು ಮರೆತರೆ ಮನೆಗಳೇ ಒಡೆಯುತ್ತವೆ. ಗಂಡಸರ ಆಪರೇಷನ್ ಆದ ಕೂಡಲೇ ಪರಿಣಾಮ ಶುರುವಾಗುವುದಿಲ್ಲ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಇದನ್ನು ಹೇಳದೆ ಕಳಿಸಿ, ಎರಡನೇ ತಿಂಗಳಿಗೆ ಹೆಂಡತಿ ಬಸುರಾದರೆ ಊರು ಯಾರ ಮೇಲೆ ಬೆರಳು ತೋರಿಸುತ್ತದೆ ಅಂತ ನಿಮಗೆ ಗೊತ್ತು.

ಹೆಂಗಸರ ಆಪರೇಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು ಅಂದವರಿಗೆ ಮರ್ಯಾದೆಯಿಂದ, ಸುರಕ್ಷಿತವಾಗಿ ಸಿಗಬೇಕು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಒಂದೇ ಕ್ಯಾಂಪಿನಲ್ಲಿ 80ಕ್ಕೂ ಹೆಚ್ಚು ಹೆಂಗಸರಿಗೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಮಾಡಿ ಮುಗಿಸಿದರು. ಆ ದಿನಗಳಲ್ಲಿ ಆ ಕಡೆಯ ಕ್ಯಾಂಪುಗಳಲ್ಲಿ ಆಪರೇಷನ್ ಆದವರಲ್ಲಿ 13 ಮಂದಿ ತೀರಿಕೊಂಡರು. ಎಲ್ಲ ಸಣ್ಣ ವಯಸ್ಸಿನ ತಾಯಂದಿರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪ್‌ಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ, ಆಸ್ಪತ್ರೆಗಳಲ್ಲೇ ಸೇವೆ ಕೊಡಿ ಅಂತ ಹೇಳಿತು. ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ಗೊತ್ತಾದ ದಿನ ಸರ್ಜನ್ ಇರಲೇಬೇಕು. ಬೆಳಗ್ಗೆಯಿಂದ ಉಪವಾಸ ಕೂತವಳನ್ನು ಸಂಜೆ "ಡಾಕ್ಟರ್ ಬರಲಿಲ್ಲ, ಮುಂದಿನ ವಾರ ಬಾಮ್ಮ" ಅಂತ ಕಳಿಸುವುದು ನಿಲ್ಲಬೇಕು.

ಪಂಚಾಯ್ತಿಯವರು ಕೈಯಲ್ಲಿ ಏನಿದೆ ಅಂತ ಕೇಳಿದಿರಿ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯೂ ಇದೆ. ಎಷ್ಟೋ ಊರಲ್ಲಿ ಅದು ಬ್ಲೀಚಿಂಗ್ ಪೌಡರ್‌ಗೆ ಮುಗಿಯುತ್ತದೆ. ಅಂಗನವಾಡಿಯಲ್ಲಿ ಆರೋಗ್ಯ ದಿನ ನಡೆಯುವಾಗ ಒಂದು ಮೂಲೆಗೆ ಪರದೆ ಕಟ್ಟಿಸಿ. ಗುಟ್ಟಾಗಿ ಮಾತಾಡಲು ಆ ಪರದೆ ಸಾಕು. ಉಪಕೇಂದ್ರದ ಹೊರಗೋಡೆಗೆ ನಿರೋಧ್ ಡಬ್ಬಿ ಹಾಕಿಸಿ, ಖಾಲಿಯಾದಾಗ ತುಂಬುವ ಜವಾಬ್ದಾರಿ ಒಬ್ಬರಿಗೆ ಕೊಡಿ. ಸಮಿತಿಯ ಸಭೆಯಲ್ಲಿ ಪ್ರತಿ ತಿಂಗಳೂ ಎರಡು ಪ್ರಶ್ನೆ ಕೇಳಿ. ಛಾಯಾ, ಅಂತರ, ನಿರೋಧ್ ಸ್ಟಾಕ್ ಇದೆಯಾ? ಸಿಸ್ಟರ್ ಹುದ್ದೆ ಖಾಲಿ ಇದೆಯಾ? ಇದೆ, ಇಲ್ಲ ಅಂತ ನಡಾವಳಿಯಲ್ಲಿ ಬರೆಸಿ. ಬರೆದಿಟ್ಟದ್ದನ್ನು ಮೇಲಿನವರು ಇಲ್ಲ ಅನ್ನೋಕೆ ಆಗಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಆಪರೇಷನ್‌ಗೆ ಗಂಡನ ಸಹಿ ಬೇಕಾ ಅಂತ ಒಬ್ಬ ತಾಯಿ ಕೇಳಿದರು. ಬೇಕಿಲ್ಲ. ಸರ್ಕಾರದ ಮಾರ್ಗಸೂಚಿಯಲ್ಲೇ ಹಾಗಿದೆ. ನಿಮ್ಮ ಒಪ್ಪಿಗೆ, ನಿಮ್ಮ ಸಹಿ ಸಾಕು. ವಯಸ್ಸು 22 ಆಗಿರಬೇಕು, ಒಂದು ಮಗುವಾದರೂ ಇರಬೇಕು, ಆ ಮಗುವಿಗೆ ಒಂದು ವರ್ಷ ತುಂಬಿರಬೇಕು. ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡುವುದು ಒಳ್ಳೆಯದೇ. ಆದರೆ ಸಹಿ ಇಲ್ಲ ಅಂತ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ.

ಬೇಡದ ಗರ್ಭ ನಿಂತರೆ ಮೆಡಿಕಲ್ ಶಾಪ್ ಮಾತ್ರೆ ನುಂಗಬಹುದಾ ಅಂತ ಒಂದು ಚೀಟಿ ಬಂದಿದೆ. ದಯವಿಟ್ಟು ಬೇಡ. ಡಾಕ್ಟರ್ ನೋಡದೆ ತಗೊಂಡು ವಾರಗಟ್ಟಲೆ ರಕ್ತ ಹೋಗಿ, ಬಿಳುಚಿಕೊಂಡು ಬಂದವರನ್ನು ನೋಡಿದ್ದೇನೆ. ಗರ್ಭಪಾತ ನಮ್ಮಲ್ಲಿ 1971ರಿಂದ ಕಾನೂನುಬದ್ಧ. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿಗೆ ಸಾಕು, ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಿಗೆಯ ಮೇಲೆ 24 ವಾರದವರೆಗೂ ಆಗುತ್ತದೆ. ಹದಿನೆಂಟು ತುಂಬಿದವಳಿಗೆ ಇಲ್ಲೂ ಗಂಡನ ಸಹಿ ಬೇಕಿಲ್ಲ. ಹೆಸರು ಹೊರಗೆ ಬಿಡುವ ಹಾಗಿಲ್ಲ. ಎಷ್ಟು ಬೇಗ ಬಂದರೆ ಅಷ್ಟು ಸುಲಭ. ಗರ್ಭಪಾತವಾದ ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲಬಹುದು, ಅದಕ್ಕೆ ಅಲ್ಲಿಂದ ಹೊರಡುವ ಮುಂಚೆಯೇ ಮುಂದಕ್ಕೇನು ಅಂತ ಕೇಳಿಕೊಂಡು ಬನ್ನಿ.

ಆಪರೇಷನ್ ಆದ ಮೇಲೂ ಬಸುರಾದರೆ ಏನು ಮಾಡುವುದು ಅಂತ ಕೊನೆಯ ಪ್ರಶ್ನೆ. ಅಪರೂಪ, ಆದರೆ ಆಗುತ್ತದೆ. ಆಪರೇಷನ್ ಆದ ಮೇಲೆ ಕೊಡುವ ಸರ್ಟಿಫಿಕೇಟನ್ನು ರೇಷನ್ ಕಾರ್ಡ್ ಜೊತೆ ಜೋಪಾನವಾಗಿಡಿ. ಮುಟ್ಟು ತಪ್ಪಿದ ಕೂಡಲೇ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ, ಬರವಣಿಗೆಯಲ್ಲಿ ತಿಳಿಸಿ. ಇದಕ್ಕೆ ಸರ್ಕಾರದ ಪರಿಹಾರ ಯೋಜನೆ ಇದೆ, ತಡ ಮಾಡಿದರೆ ಕೈ ತಪ್ಪುತ್ತದೆ. ಗರ್ಭ ಉಳಿಸಿಕೊಳ್ಳುವುದೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. ಸರ್ಟಿಫಿಕೇಟ್ ಕಳೆದುಹೋಗಿದೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಅಂದರು. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿರುತ್ತದೆ, ತಾರೀಖು ನೆನಪಿದ್ದರೆ ಹುಡುಕಿಸಬಹುದು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಅರ್ಜಿ ಇಲ್ಲೇ ಕೂತು ಬರೆಯೋಣ.